ವಿದ್ಯಾರ್ಥಿನಿಲಯದ ನೀರಿನ ತೊಟ್ಟಿ, ಶೌಚಾಲಯಗಳ ಸ್ವಚ್ಛತೆ ಕುರಿತು ನಾಲ್ಕನೆಯ ಮನವಿ

ಇವರಿಗೆ,
ಮಾನ್ಯ ತಾಲ್ಲೂಕು ಕಲ್ಯಾಣಾಧಿಕಾರಿಗಳು

ಇಂದ,
ಬಾಲಕರ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯದ ನಿವಾಸಿಗಳು

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ನಾವು ಈಗಾಗಲೇ ಮೂರು ಮನವಿ ಸಲ್ಲಿಸಿದ್ದೇವೆ. ಮೂರಕ್ಕೂ ತಮ್ಮ ಕಚೇರಿಯ ಸ್ವೀಕೃತಿ ಮೊಹರು ಇದೆ, ಒಂದಕ್ಕೂ ಉತ್ತರವಿಲ್ಲ. ಕಳೆದ ವಾರ ಒಂದೇ ರಾತ್ರಿ ಹನ್ನೊಂದು ಜನಕ್ಕೆ ವಾಂತಿಭೇದಿಯಾಯಿತು. ನಾಲ್ವರನ್ನು ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದವರು ನಾವೇ. ಅವರ ಚೀಟಿಗಳನ್ನು ಲಗತ್ತಿಸಿದ್ದೇವೆ.

ತಾರಸಿಯ ತೊಟ್ಟಿಯ ಮುಚ್ಚಳ ಒಡೆದು ವರ್ಷವಾಯಿತು. ತೊಟ್ಟಿ ತೊಳೆದ ದಿನವೆಂದು ಅದರ ಗೋಡೆಯ ಮೇಲೆ ಬರೆದಿರುವುದು ಕಳೆದ ದೀಪಾವಳಿಗಿಂತ ಹಿಂದಿನ ತಾರೀಖು. ಆದರೆ ನಿರ್ವಹಣಾ ವಹಿಯಲ್ಲಿ ಪ್ರತಿ ತಿಂಗಳೂ ‘ತೊಟ್ಟಿ ಸ್ವಚ್ಛಗೊಳಿಸಲಾಗಿದೆ’ ಎಂದಿದೆ, ಎಲ್ಲವೂ ಒಂದೇ ಕೈಬರಹ, ಒಂದೇ ಶಾಯಿ. ಎರಡರ ಫೋಟೋಗಳೂ ಜೊತೆಗಿವೆ. ವಿಜ್ಞಾನ ಓದುವ ಗೆಳೆಯರು ನೀರು ಪರೀಕ್ಷಿಸುವ ಎಚ್‌ಟುಎಸ್ ಬಾಟಲಿಯಲ್ಲಿ ನಲ್ಲಿ ನೀರು ತುಂಬಿಟ್ಟರು, ಎರಡನೆಯ ದಿನಕ್ಕೆ ಕಪ್ಪಾಯಿತು. ಮಲದ ಸೋಂಕಿನ ಸೂಚನೆ ಅದು. ಬಾಟಲಿಯನ್ನೇ ತಂದಿದ್ದೇವೆ, ದಯವಿಟ್ಟು ನೋಡಬೇಕು. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ. ಕೋಲಿ ಕಾಣಲೇಕೂಡದು, ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎಂಬ ಕುಡಿಯುವ ನೀರಿನ ಮಾನಕ ಐಎಸ್ 10500ರ ಮಾತು ತಮಗೆ ತಿಳಿಯದ್ದಲ್ಲ.

ಬ್ಲೀಚಿಂಗ್ ಪೌಡರ್ ಚೀಲ ಬಚ್ಚಲಿನ ಹಿಂದೆ ಬಾಯಿ ತೆರೆದು ತೇವದಲ್ಲಿ ಬಿದ್ದಿದೆ, ಅದಕ್ಕೆ ಈಗ ವಾಸನೆಯೂ ಇಲ್ಲ. ಅದನ್ನೇ ತೊಟ್ಟಿಯ ತಳದ ಹೂಳಿನ ಮೇಲೆ ಎರಚಿ ಕೆಲಸ ಮುಗಿಯಿತೆನ್ನಬಾರದು. ಇದ್ದಷ್ಟು ಕ್ಲೋರಿನ್ನನ್ನೂ ಹೂಳೇ ತಿನ್ನುತ್ತದೆ. ತೊಟ್ಟಿ ಬರಿದುಮಾಡಿ, ಹೂಳು ತೆಗೆದು, ಪಾಚಿ ಉಜ್ಜಿ ತೊಳೆದ ಮೇಲೆ ಹೊಸ ಪೌಡರಿನಿಂದ ಸೋಂಕು ಕಳೆಯಬೇಕು. ನೀರಿಗೆ ಕ್ಲೋರಿನ್ ಬೆರೆಸಿದ ಮೇಲೂ ಅರ್ಧ ಗಂಟೆ ಬಿಟ್ಟೇ ನಲ್ಲಿಗೆ ಹರಿಸಬೇಕು.

ಎಂಬತ್ತನಾಲ್ಕು ಜನಕ್ಕೆ ಬಳಸಲು ಬರುವ ಶೌಚಾಲಯ ನಾಲ್ಕು. ಅವನ್ನು ತೊಳೆಯುವ ಅಕ್ಕನಿಗೆ ಕೈಗವಸಿಲ್ಲ, ಬೂಟಿಲ್ಲ. ಮೊನ್ನೆ ಆಸಿಡ್, ಬ್ಲೀಚಿಂಗ್ ಎರಡನ್ನೂ ಒಟ್ಟಿಗೆ ಸುರಿದು, ಎದ್ದ ಗಾಳಿಗೆ ಉಸಿರು ಕಟ್ಟಿ ಹೊರಗೋಡಿ ಬಂದರು. ಎರಡನ್ನೂ ಬೆರೆಸಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಡುಗೆಮನೆ ಒರೆಸುವುದಕ್ಕೂ ಶೌಚಾಲಯ ತೊಳೆಯುವ ಬಕೆಟ್ಟೇ. ತುಂಬಿರುವ ಶೌಚಗುಂಡಿಗೆ ಯಾರನ್ನಾದರೂ ಇಳಿಸುವ ಮಾತು ಕೇಳಿಬಂದಿದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಇರುವಾಗ ಈ ಮಾತಾದರೂ ಹೇಗೆ ಬಂತು? ಯಂತ್ರವನ್ನೇ ತರಿಸಬೇಕು, ಯಾರನ್ನೂ ಇಳಿಸಲು ನಾವು ಬಿಡುವುದಿಲ್ಲ.

ಇದರೊಂದಿಗೆ ಕಿಟಕಿಗಳಿಗೆ ಸೊಳ್ಳೆ ಜಾಲರಿ, ಓದುವ ಕೊಠಡಿಗೆ ಎರಡು ಟ್ಯೂಬ್‌ಲೈಟ್, ಒಂದು ವಾಲಿಬಾಲ್ ನೆಟ್ಟು ಕೊಡಿಸಬೇಕು. ಕಾಯಿಲೆ ಬಿದ್ದವರ ಹಾಜರಾತಿ ಕಡಿತವಾಗದಂತೆ ಕಾಲೇಜಿಗೆ ಪತ್ರ ಬರೆಯಬೇಕು. ಈ ದಾಖಲೆಗಳನ್ನು ಕಲೆಹಾಕಿದ ಊಟದ ಸಮಿತಿಯ ಇಬ್ಬರು ಅಂತಿಮ ವರ್ಷದವರಿಗೆ ಪರೀಕ್ಷೆ ಮುಗಿಯುವವರೆಗೂ ಈಗಿರುವ ನೆಲಮಹಡಿಯ ಕೊಠಡಿಯನ್ನೇ ಉಳಿಸಿಕೊಡಬೇಕೆಂದೂ ಕೋರುತ್ತೇವೆ.

ಬರುವ ಸೋಮವಾರದೊಳಗೆ ತೊಟ್ಟಿ ತೊಳೆಸಿ, ನೀರು ಪರೀಕ್ಷೆಯ ವರದಿಯನ್ನು ಸೂಚನಾ ಫಲಕಕ್ಕೆ ಹಾಕಿಸಬೇಕು. ಆಗದಿದ್ದರೆ ಮಂಗಳವಾರ ಬೆಳಿಗ್ಗೆ ಅದೇ ನೀರನ್ನು ಬಿಂದಿಗೆಗಳಲ್ಲಿ ತುಂಬಿಕೊಂಡು ತಮ್ಮ ಕಚೇರಿಯ ಮುಂದೆ ಕೂರುತ್ತೇವೆ.

ತಮ್ಮ ವಿಶ್ವಾಸಿಗಳು,
(ಎಂಬತ್ತು ಸಹಿಗಳು, ನಾಲ್ವರು ಆಸ್ಪತ್ರೆಯಲ್ಲಿದ್ದಾರೆ)