ಮಂಜಿಗಿಂತ ದೊಡ್ಡ ಭಯ

ಪುಟ್ಟಣ್ಣ ಕಣಗಾಲರ 'ಬೆಳ್ಳಿ ಮೋಡ' (1967) ಚಿತ್ರೀಕರಣವಾದದ್ದು ನಮ್ಮ ಕೆಮ್ಮಣ್ಣುಗುಂಡಿಯಲ್ಲಿ. ಕಥೆ ತ್ರಿವೇಣಿಯವರದು. ಬೆಟ್ಟ, ಮಂಜು, ಒಂಟಿ ಮನೆ ನೋಡುವವರ ಎದೆ ಭಾರವಾಗಿಸುತ್ತವೆ. ಆದರೆ ನಿಜವಾದ ಆತಂಕ ಮಂಜಿನದಲ್ಲ. ಇಂದಿರೆಗೆ ತಮ್ಮ ಹುಟ್ಟಿದ. ಅವಳ ತಂದೆಯ ಹಣದಲ್ಲೇ ಅಮೆರಿಕದಲ್ಲಿ ಓದಿ ಬಂದ ಮೋಹನ, ಆಸ್ತಿ ಕೈತಪ್ಪಿತೆಂದು ತಿಳಿದು ಮದುವೆಗೆ ಹಿಂದೆಗೆದ. ಹೊಡೆತವಿಲ್ಲ, ಬಡಿತವಿಲ್ಲ, ಬರೀ ಲೆಕ್ಕಾಚಾರ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು, ಲೆಕ್ಕ ನಿಂತಿರಲಿಲ್ಲ.

ಸಿನಿಮಾದ ಭಯ ಎರಡು-ಮೂರು ಗಂಟೆಯದು. ಮನೆಯೊಳಗಿನ ಭಯಕ್ಕೆ ಪರದೆ ಬೀಳುವುದಿಲ್ಲ. ಹೆಜ್ಜೆ ಸಪ್ಪಳಕ್ಕೇ ಎದೆ ನಡುಗುವಂತೆ ಬೆದರಿಸಿಟ್ಟರೆ ಅದೂ ದೌರ್ಜನ್ಯವೇ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮಾನಸಿಕ, ಆರ್ಥಿಕ ಹಿಂಸೆಯನ್ನೂ ಹಿಂಸೆ ಎಂದಿದೆ. ಅಕ್ಕತಂಗಿಯರೇ, ಮೊದಲ ಪೆಟ್ಟು ಬೀಳಲೆಂದು ಕಾಯಬೇಡಿ. ಸಂಘದಲ್ಲಿ ಬಾಯಿಬಿಡಿ. ಪಶ್ಚಾತ್ತಾಪಪಟ್ಟ ಮೋಹನನನ್ನೂ ಇಂದಿರೆ ಒಲ್ಲೆನೆಂದಳು. ಆ 'ಒಲ್ಲೆ' ನಮಗೂ ಬೇಕು.