ಎರಡನೆಯ ಪುಸ್ತಕ

ಒಂದೇ ಲೆಕ್ಕವನ್ನು ಎರಡು ಪುಸ್ತಕಗಳಲ್ಲಿ ಬರೆದು, ಒಂದನ್ನು ಅಂಗಡಿಯಲ್ಲಿಯೂ ಇನ್ನೊಂದನ್ನು ಮನೆಯಲ್ಲಿಯೂ ಇರಿಸುವುದು ಎಚ್ಚರಿಕೆಯುಳ್ಳ ವರ್ತಕನ ಕ್ರಮ. ಅಂಗಡಿಗೆ ಬೆಂಕಿ ಬಿದ್ದರೂ ಲೆಕ್ಕ ಉಳಿಯುತ್ತದೆ. ಆದರೆ ಮನೆಯ ದಾರಿ ಕಡಿದುಹೋಯಿತೆಂದು ಅಂಗಡಿಯ ಬಾಗಿಲನ್ನೇ ಮುಚ್ಚಬೇಕಾಗಿ ಬಂದರೆ? 2021ರ ಫೆಬ್ರವರಿ 24ರಂದು ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ನಡೆದುದು ಹೆಚ್ಚುಕಡಿಮೆ ಇದೇ.

ಆ ಕೇಂದ್ರದ ವ್ಯವಹಾರವೆಲ್ಲವೂ ಕಂಪ್ಯೂಟರುಗಳ ಸಂಗ್ರಹಾಗಾರದಲ್ಲಿ ದಾಖಲಾಗುತ್ತದೆ. ಮುಖ್ಯ ಸಂಗ್ರಹ ಮುಂಬಯಿಯಲ್ಲಿ. ಅದರ ಒಂದು ಪ್ರತಿ ಅದೇ ನಗರದಲ್ಲಿ, ಇನ್ನೊಂದು ದೂರದ ಚೆನ್ನೈಯಲ್ಲಿ. ಹತ್ತಿರದ ಪ್ರತಿಗೂ ದೂರದ ಪ್ರತಿಗೂ ಸಾಮಾನ್ಯವಾಗಿ ನಿಯಮ ಬೇರೆ. ಹತ್ತಿರವಾದರೆ, ಎರಡೂ ಕಡೆ ಬರೆದು ಮುಗಿದ ಮೇಲೆಯೇ ‘ಆಯಿತು’ ಎಂಬ ಉತ್ತರ ಹೊರಡುವಂತೆ ಮಾಡಬಹುದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದರಿಂದ, 100 ಕಿಲೋಮೀಟರು ಹೋಗಿಬರಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. 1,000 ಕಿಲೋಮೀಟರಿಗೆ ಅದರ ಹತ್ತು ಪಟ್ಟು ಬೇಕು. ಪ್ರತಿಯೊಂದು ಬರಹಕ್ಕೂ ಅಷ್ಟು ಕಾದರೆ ಪೇಟೆ ನಡೆಯದು. ಆದುದರಿಂದ ದೂರದ ಪ್ರತಿ ತುಸು ಹಿಂದೆ ಬಿದ್ದೇ ಬರುತ್ತದೆ.

ಅಂದು ಮುಂಬಯಿಯ ಎರಡು ಸಂಗ್ರಹಗಳ ನಡುವಣ ದಾರಿಯಲ್ಲಿ ನೆಲ ಅಗೆಯುವ ಕೆಲಸ ನಡೆದಿತ್ತು. ಇಬ್ಬರು ಬೇರೆ ಬೇರೆ ಸೇವಾದಾರರಿಂದ ಪಡೆದಿದ್ದ ಸಂಪರ್ಕಗಳು ಒಮ್ಮೆಗೇ ತಡವರಿಸಿದವು. ಪ್ರತಿಯೊಡನೆ ಸಂಬಂಧ ಕಡಿದರೆ ಮುಖ್ಯ ಸಂಗ್ರಹ ಒಂಟಿಯಾಗಿಯೇ ಕೆಲಸ ಮುಂದುವರಿಸಬೇಕಾಗಿತ್ತು. ಹಾಗಾಗದೆ ಅದೇ ಕೈಗೆಟುಕದಾಯಿತು. ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ವ್ಯಾಪಾರ ನಿಂತಿತು. ಬೆಳಿಗ್ಗೆ ಕೊಂಡುದನ್ನು ಅದೇ ದಿನ ಮಾರಬೇಕೆಂದಿದ್ದವರು ಕೈಕಟ್ಟಿ ಕುಳಿತರು. ಪೇಟೆ ಮತ್ತೆ ತೆರೆದುದು ಮಧ್ಯಾಹ್ನ 3 ಗಂಟೆ 45 ನಿಮಿಷಕ್ಕೆ. ಎಂದಿನಂತೆ ಮುಚ್ಚುವ ವೇಳೆಯೂ ಕಳೆದ ಮೇಲೆ! ಸಂಗ್ರಹಾಗಾರವನ್ನು ಅಣಿಗೊಳಿಸಿದಾಗ ಮಾಡಿದ್ದ ಏರ್ಪಾಟು ಉದ್ದೇಶಕ್ಕೆ ಸಾಲದಾಗಿತ್ತೆಂದು ಕೇಂದ್ರ ತರುವಾಯ ತಿಳಿಸಿತು.

ಸಂಪರ್ಕವನ್ನು ಹೂಡಿದವರು ಮೊದಲು ಪರೀಕ್ಷಿಸುವುದು ಬರಹ ಆಚೆಗೆ ತಲುಪಿತೇ ಎಂಬುದನ್ನು. ಅದು ಅರ್ಧ ಪರೀಕ್ಷೆ ಮಾತ್ರ. ರಜೆಯ ದಿನ ಬೇಕೆಂದೇ ಒಂದು ತಂತಿಯನ್ನು ಕೀಳಬೇಕು. ಆಮೇಲೆ ಎರಡನ್ನೂ ಕೀಳಬೇಕು. ಪೂರ್ತಿ ಕಡಿದ ತಂತಿಗಿಂತ, ಕ್ಷಣ ಇದ್ದು ಕ್ಷಣ ಇಲ್ಲವಾಗುವ ತಂತಿ ಹೆಚ್ಚು ಮೋಸಗಾರ, ಅದನ್ನೂ ಪರೀಕ್ಷಿಸಬೇಕು. ಮತ್ತೆ ಜೋಡಿಸಿದಾಗ ಬಾಕಿಯೆಲ್ಲ ಸಂದು, ಎರಡು ಪ್ರತಿಗಳೂ ತಾಳೆಯಾದುವೇ ಎಂದು ನೋಡಬೇಕು.

2021ರ ಮಾರ್ಚಿಯಲ್ಲಿ ಸೆಬಿ ಸಂಸ್ಥೆ ಇಂಥ ಕೇಂದ್ರಗಳಿಗೆ ನಿಯಮವನ್ನು ಬಿಗಿಗೊಳಿಸಿತು: ಮುಖ್ಯ ವ್ಯವಸ್ಥೆ ಕೆಟ್ಟರೆ 30 ನಿಮಿಷದೊಳಗೆ ವಿಪತ್ತೆಂದು ಸಾರಬೇಕು, ಅಲ್ಲಿಂದ 45 ನಿಮಿಷದೊಳಗೆ ಕೆಲಸ ಮತ್ತೆ ನಡೆಯಬೇಕು. 2024ರ ಮಾರ್ಚ್ 2, ಶನಿವಾರ, ಬದಲಿ ಸ್ಥಳದಿಂದಲೇ ನಿಜವಾದ ವ್ಯಾಪಾರವನ್ನು ಸ್ವಲ್ಪ ಹೊತ್ತು ನಡೆಸಿ ನೋಡಲಾಯಿತು.

ಒಂದು ದಿನ ಮನೆಯ ಪುಸ್ತಕವನ್ನು ತಂದು ಅಂಗಡಿ ನಡೆಸಿ ನೋಡಿದ ವರ್ತಕನಿಗೆ ಮಾತ್ರ ತನ್ನಲ್ಲಿ ಎರಡು ಪುಸ್ತಕಗಳಿವೆಯೆಂದು ಹೇಳುವ ಹಕ್ಕು ಬರುತ್ತದೆ.