ಮುಸಲ್ಮಾನ ಸ್ತ್ರೀಯರೂ ನಮ್ಮ ವೃತ್ತಪತ್ರಿಕೆಗಳೂ

೨೦೨೫ನೆಯ ಇಸವಿ ಮೇ ತಿಂಗಳ ೨೦ನೆಯ ತಾರೀಖು ಕನ್ನಡ ನುಡಿಗೆ ಸುದಿನವಾಗಿತ್ತು. ಹಾಸನದ ಶ್ರೀಮತಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ಶ್ರೀಮತಿ ದೀಪಾ ಭಾಸ್ತಿಯವರು ಮಾಡಿದ ಇಂಗ್ಲಿಷ್ ಭಾಷಾಂತರದ ಮೂಲಕ, ಲಂಡನ್ ನಗರದಲ್ಲಿ ಅಂತರರಾಷ್ಟ್ರೀಯ ಬುಕರ್ ಪಾರಿತೋಷಕವು ದೊರೆಯಿತು. ಸಣ್ಣ ಕಥೆಗಳ ಸಂಗ್ರಹಕ್ಕೆ ಅದು ಸಂದುದು ಅದೇ ಮೊದಲು. ಕನ್ನಡಕ್ಕೆ ಸಂದುದೂ ಅದೇ ಮೊದಲು. ಅಂದು ಆ ಮಹನೀಯಳು ಪತ್ರಿಕೆಗಳ ಪಾಲಿಗೆ ಕನ್ನಡತಿಯಾಗಿದ್ದಳು. ನಾಲ್ಕು ತಿಂಗಳು ಕಳೆಯುವುದರೊಳಗೆ ಮೈಸೂರಿನ ದಸರಾ ಮಹೋತ್ಸವದ ಉದ್ಘಾಟನೆಗೆ ಸರ್ಕಾರವು ಆಕೆಯನ್ನು ಆಹ್ವಾನಿಸಿದೊಡನೆ ಅದೇ ಕನ್ನಡತಿಯು ಹಲವರ ಲೇಖನಿಯಲ್ಲಿ ಬರಿಯ ಮುಸಲ್ಮಾನ ಹೆಂಗಸಾಗಿಬಿಟ್ಟಳು. ಹೈಕೋರ್ಟು ಸೆಪ್ಟೆಂಬರ್ ೧೫ರಂದೂ ಸುಪ್ರೀಂ ಕೋರ್ಟು ೧೯ರಂದೂ ತಕರಾರು ಅರ್ಜಿಗಳನ್ನು ತಳ್ಳಿಹಾಕಿದವು. ೨೨ರಂದು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆಯು ನೆರವೇರಿತು. ಸರ್ಕಾರದ ಆಹ್ವಾನವು ಯುಕ್ತವೋ ಅಯುಕ್ತವೋ ಎಂದು ಚರ್ಚಿಸುವ ಅಧಿಕಾರವು ಯಾರಿಗಾದರೂ ಉಂಟು. ಆದರೆ ಅಷ್ಟು ದಿನಗಳ ಕೋಲಾಹಲದಲ್ಲಿ ಆಕೆಯು ಬರೆದ ಒಂದು ಕಥೆಯನ್ನಾದರೂ ಓದಿ ಮಾತನಾಡಿದವರು ಎಷ್ಟು ಮಂದಿ?

ಈ ಪ್ರಶ್ನೆಯು ಒಬ್ಬ ಲೇಖಕಿಗೆ ಮಾತ್ರ ಸಂಬಂಧಿಸಿದುದಲ್ಲವೆಂದು ನಾವು ತಿಳಿದಿದ್ದೇವೆ. ನಮ್ಮ ದೇಶದ ಪತ್ರಿಕೆಗಳಲ್ಲಿಯೂ ದೂರದರ್ಶನದ ವಾಹಿನಿಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಮುಸಲ್ಮಾನ ಸ್ತ್ರೀಗೆ ಸ್ಥಾನವು ಬಹು ಇಕ್ಕಟ್ಟಾದುದು. 'ಚೌದವೀ ಕಾ ಚಾಂದ್' (೧೯೬೦), 'ಪಾಕೀಜಾ' (೧೯೭೨) ಮೊದಲಾದ ಹಿಂದೀ ಚಿತ್ರಗಳಲ್ಲಿ ಆಕೆಯು ಲಖನೌ ಸೊಬಗಿನ ಪರದೆಯ ಹಿಂದಿನ ಚೆಲುವೆ, ಇಲ್ಲವೆ ಗೆಜ್ಜೆ ಕಟ್ಟಿದ ದುಃಖಿನಿ. ವಾರ್ತೆಗಳಲ್ಲಿಯಾದರೋ, ಕಪ್ಪು ಬಟ್ಟೆಯೊಳಗಿನ ಅಬಲೆ, ಇಲ್ಲವೆ ಕಪ್ಪು ಬಟ್ಟೆಯೊಳಗಿನ ಹಟಮಾರಿ. ರಾಮನಗರದಲ್ಲಿಯೂ ಶಿಡ್ಲಘಟ್ಟದಲ್ಲಿಯೂ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವಳು, ಮಂಗಳೂರಿನ ಕಡೆ ಬೀಡಿ ಸುತ್ತುವವಳು, ಪಾಠ ಹೇಳುವ ಉಪಾಧ್ಯಾಯಿನಿ, ಆಸ್ಪತ್ರೆಯ ದಾದಿ, ಇವರು ಕಣ್ಣಿಗೆ ಬೀಳುವುದೇ ಇಲ್ಲ. ೧೯೮೯ರಲ್ಲಿ ಸುಪ್ರೀಂ ಕೋರ್ಟಿನ ಪ್ರಥಮ ಮಹಿಳಾ ನ್ಯಾಯಮೂರ್ತಿಯಾದ ಫಾತಿಮಾ ಬೀವಿಯವರು ಮುಸಲ್ಮಾನ ಸ್ತ್ರೀಯೆಂಬುದು ನಮ್ಮ ವಾಚಕರಲ್ಲಿ ಎಷ್ಟು ಜನರಿಗೆ ನೆನಪಿದೆ?

೧೯೭೮ರಲ್ಲಿ ಇಂದೂರಿನ ಶಾಹ್ ಬಾನು ಎಂಬ ೬೨ ವರ್ಷದ ತಾಯಿಯು, ವಕೀಲನಾಗಿದ್ದ ಪತಿಯಿಂದ ಜೀವನಾಂಶವನ್ನು ಬೇಡಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದಳು. ಕೆಳಗಿನ ನ್ಯಾಯಾಲಯವು ತಿಂಗಳಿಗೆ ೨೫ ರೂಪಾಯಿ ಎಂದಿತು. ಮಧ್ಯಪ್ರದೇಶದ ಹೈಕೋರ್ಟು ಅದನ್ನು ೧೭೯ ರೂಪಾಯಿ ೨೦ ಪೈಸೆಗೆ ಏರಿಸಿತು. ೧೯೮೫ರ ಏಪ್ರಿಲ್ ೨೩ರಂದು ಸುಪ್ರೀಂ ಕೋರ್ಟು ಅದನ್ನು ಸ್ಥಿರಪಡಿಸಿತು. ಆಮೇಲೆ ನಡೆದ ಗದ್ದಲವೂ ೧೯೮೬ರ ಶಾಸನವೂ ಸರ್ವವಿದಿತ. ಒಂದು ಪಕ್ಷದವರಿಗೆ ಆಕೆಯು ಇಡೀ ಸಮಾಜದ ಹಿಂದುಳಿದಿರುವಿಕೆಗೆ ಸಾಕ್ಷಿಯಾದಳು, ಇನ್ನೊಂದು ಪಕ್ಷದವರಿಗೆ ಧರ್ಮಕ್ಕೊದಗಿದ ಸಂಕಟದ ಗುರುತಾದಳು. ಆ ವೃದ್ಧೆಯ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ಕೇಳಿದವರು ವಿರಳ.

ನಮ್ಮ ನಾಡಿನಲ್ಲಿಯೇ ೨೦೨೨ರಲ್ಲಿ ನಡೆದುದನ್ನು ನೆನೆದರೆ ತಲೆ ತಗ್ಗುತ್ತದೆ. ಉಡುಪಿಯ ಒಂದು ಕಾಲೇಜಿನಲ್ಲಿ ಹುಟ್ಟಿದ ತಲೆವಸ್ತ್ರದ ವ್ಯಾಜ್ಯವು ಹೈಕೋರ್ಟಿಗೆ ಹೋಯಿತು. ಫೆಬ್ರವರಿ ೧೦ರ ಮಧ್ಯಂತರ ಆಜ್ಞೆಯ ತರುವಾಯ ಶಾಲೆಗಳು ತೆರೆದಾಗ, ವಾಹಿನಿಗಳವರು ಯಂತ್ರಗಳನ್ನು ಹೆಗಲಿಗೇರಿಸಿಕೊಂಡು ಬಾಗಿಲುಗಳಲ್ಲಿ ಕಾದು ನಿಂತು, ಹುಡುಗಿಯರ ಹಿಂದೆಯೂ ಉಪಾಧ್ಯಾಯಿನಿಯರ ಹಿಂದೆಯೂ ಓಡಿದರು. ಮೇಲುಡುಪನ್ನು ಕಳಚುವ ಹೆಣ್ಣುಮಕ್ಕಳ ಸಂಕೋಚವು ದೇಶಕ್ಕೆಲ್ಲ ನೋಟವಾಯಿತು. ಹೈಕೋರ್ಟು ಮಾರ್ಚ್ ೧೫ರಂದು ತೀರ್ಪಿತ್ತಿತು. ಅಕ್ಟೋಬರ್ ೧೩ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ಅಭಿಪ್ರಾಯಗಳನ್ನು ಕೊಟ್ಟರು. ನ್ಯಾಯಮೂರ್ತಿಗಳಿಗೇ ಒಮ್ಮತವಾಗದ ವಿಷಯದಲ್ಲಿ ವಾಹಿನಿಯ ನಿರೂಪಕರಿಗೆ ಸಂದೇಹವೇ ಇರಲಿಲ್ಲ! ತಲೆವಸ್ತ್ರದ ಪರವಾಗಿ ವಾದಿಸಿದವರನ್ನು ಭಯೋತ್ಪಾದಕರೊಡನೆ ಗಂಟುಹಾಕಿದ ಒಂದು ಹಿಂದೀ ವಾಹಿನಿಗೆ, ವಾಹಿನಿಗಳವರೇ ಏರ್ಪಡಿಸಿಕೊಂಡ ಪ್ರಾಧಿಕಾರವು ಆ ಅಕ್ಟೋಬರಿನಲ್ಲಿಯೇ ೫೦,೦೦೦ ರೂಪಾಯಿ ದಂಡವನ್ನು ವಿಧಿಸಿತು. ಪಾಠಗಳನ್ನು ಕಳೆದುಕೊಂಡ ಹುಡುಗಿಯರ ನಷ್ಟವನ್ನು ಯಾವ ದಂಡವು ತುಂಬಿಕೊಟ್ಟೀತು?

ಇಲ್ಲಿ ಒಂದು ಆಕ್ಷೇಪಣೆಯು ಬರುವುದು ಸಹಜ. "ಆ ಸಮಾಜದಲ್ಲಿ ಸ್ತ್ರೀಯರಿಗೆ ಅನ್ಯಾಯವೇ ಇಲ್ಲವೇ? ಅದನ್ನು ಹೇಳಕೂಡದೇ?" ಎಂದು ಕೆಲವರು ಕೇಳಬಹುದು. ಅನ್ಯಾಯವು ಉಂಟು, ಹೇಳಲೇಬೇಕು. ಒಂದೇ ಉಸುರಿನಲ್ಲಿ ಮೂರು ಬಾರಿ ತಲಾಖ್ ಹೇಳುವ ಪದ್ಧತಿಯನ್ನು ೨೦೧೭ರ ಆಗಸ್ಟ್ ೨೨ರಂದು ಸುಪ್ರೀಂ ಕೋರ್ಟು ರದ್ದುಗೊಳಿಸಿತು. ಆ ನ್ಯಾಯವನ್ನು ಬೇಡಿ ಹೋದವರು ಮುಸಲ್ಮಾನ ಸ್ತ್ರೀಯರೇ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲಸಿದ ದಿವಂಗತ ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಬರೆದಾಗ ಯಾರ ಮುಲಾಜನ್ನೂ ನೋಡಲಿಲ್ಲ. ಸ್ತ್ರೀಯರಿಗೂ ಮಸೀದಿಯ ಪ್ರವೇಶವುಂಟೆಂದು ಹೇಳಿದುದಕ್ಕಾಗಿ ಬಾನು ಮುಷ್ತಾಕ್ ಅವರು ೨೦೦೦ದ ಸುಮಾರಿನಲ್ಲಿ ಸಾಮಾಜಿಕ ಬಹಿಷ್ಕಾರವನ್ನು ಅನುಭವಿಸಿದರು. ಇವರ ಬರವಣಿಗೆಯಲ್ಲಿ ಸ್ತ್ರೀಗೆ ಹೆಸರುಂಟು, ಮಕ್ಕಳುಂಟು, ಹಸಿವುಂಟು, ಎದುರುನುಡಿಯುಂಟು. ನಮ್ಮ ವಾರ್ತೆಗಳಲ್ಲಿ ಆಕೆಗೆ ಬಟ್ಟೆ ಮಾತ್ರ ಉಂಟು. ದುಃಖವನ್ನು ಹೇಳಿ ನ್ಯಾಯವನ್ನು ಕೇಳುವುದು ಒಂದು ಬಗೆ. ಆ ದುಃಖವನ್ನೇ ಕೋಲಾಗಿ ಹಿಡಿದು ಆಕೆಯ ಅಣ್ಣತಮ್ಮಂದಿರನ್ನು ಹೊಡೆಯುವುದು ಇನ್ನೊಂದು ಬಗೆ. ಎರಡನ್ನೂ ಸಮಾಜಸುಧಾರಣೆಯೆಂದು ಕರೆಯುವುದು ಸತ್ಯಕ್ಕೆ ದ್ರೋಹ.

ರಾಷ್ಟ್ರಾಭಿಮಾನಿಗಳೆಂದು ಹೇಳಿಕೊಳ್ಳುವ ನಮಗೆ ಈ ವಿಷಯದಲ್ಲಿ ವಿಶೇಷ ಹೊಣೆಯುಂಟು. ಅಸಹಕಾರದ ದಿನಗಳಲ್ಲಿ ಅಲೀ ಸಹೋದರರ ವೃದ್ಧ ಮಾತೆಯು ಊರೂರು ಸಂಚರಿಸಿ ಸಭೆಗಳಲ್ಲಿ ಮಾತನಾಡಿದಳು. ದೇಶವು ಆಕೆಯನ್ನು 'ಬೀ ಅಮ್ಮಾ' ಎಂದು ಕರೆಯಿತು. ಆಗ ಜನರು ಕೇಳಿದುದು ಆಕೆಯ ಮಾತನ್ನು. ರಾಜ್ಯಾಂಗ ರಚನಾ ಸಭೆಯಲ್ಲಿದ್ದ ಏಕೈಕ ಮುಸಲ್ಮಾನ ಮಹಿಳೆ ಬೇಗಂ ಐಜಾಜ್ ರಸೂಲ್ ಅವರು, ಮತೀಯ ಆಧಾರದ ಮೀಸಲು ಸ್ಥಾನಗಳು ಬೇಡವೆಂದು ೧೯೪೯ರಲ್ಲಿ ಧೈರ್ಯದಿಂದ ವಾದಿಸಿದರು. ಇಂತಹ ಪರಂಪರೆಯನ್ನುಳ್ಳ ಸ್ತ್ರೀಕುಲವನ್ನು ಮೂಕಚಿತ್ರವನ್ನಾಗಿ ಮಾಡಿ ಮುದ್ರಿಸಿದರೆ ಬಡವಾಗುವುದು ರಾಷ್ಟ್ರವೇ.

ಈ ತಪ್ಪಿನಲ್ಲಿ ನಮ್ಮ ಪಾಲೂ ಉಂಟೆಂದು ಒಪ್ಪಿಕೊಳ್ಳಬೇಕು. ನಮ್ಮ ಕಚೇರಿಯ ಸಂಗ್ರಹದಲ್ಲಿಯೂ ಬುರ್ಖಾ ಧರಿಸಿ ಬೆನ್ನು ತಿರುಗಿಸಿ ನಡೆಯುವ ಅನಾಮಿಕೆಯ ಚಿತ್ರವೊಂದಿದೆ. ಜನಸಂಖ್ಯೆಯ ಲೇಖನಕ್ಕೂ ರಂಜಾನ್ ಪೇಟೆಯ ವಾರ್ತೆಗೂ ವಿವಾಹವಿಚ್ಛೇದದ ತೀರ್ಪಿಗೂ ಅದೇ ಚಿತ್ರವನ್ನು ಹಾಕಿದ್ದೇವೆ. ಆಕೆ ಯಾರು, ಎತ್ತ ಹೋಗುತ್ತಿದ್ದಳು, ಅನುಮತಿಯಿತ್ತಿದ್ದಳೇ ಎಂದು ನಾವು ಒಮ್ಮೆಯೂ ಕೇಳಲಿಲ್ಲ. ಇನ್ನು ಮುಂದೆ ಆ ಚಿತ್ರವು ಈ ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ. ಮುಸಲ್ಮಾನ ಸ್ತ್ರೀಯರ ವಿಷಯವಾದ ವಾರ್ತೆಯಲ್ಲಿ ಅವರಲ್ಲೊಬ್ಬರ ಮಾತಾದರೂ ಇರಬೇಕೆಂದು ನಮ್ಮ ವರದಿಗಾರರಿಗೆ ತಿಳಿಸಿದ್ದೇವೆ. ನಮ್ಮ ಸಹೋದ್ಯೋಗಿಗಳೂ ಹಾಗೆಯೇ ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ಅಧಿಕಾರಿಗಳೂ, ತಮ್ಮ ಮೇಜಿನ ಮೇಲೆ ಅರ್ಜಿಯನ್ನಿಟ್ಟು ನಿಂತ ಸ್ತ್ರೀಯ ಉಡುಪಿಗಿಂತ ಮೊದಲು ಅರ್ಜಿಯನ್ನು ಓದಲಿ. ವಾಚಕ ಮಹಾಶಯರು, ನಾವು ಈ ಮಾತಿಗೆ ತಪ್ಪಿದ ದಿನ ನಮಗೆ ಕಾಗದ ಬರೆದು ಎಚ್ಚರಿಸುವ ಕೃಪೆಮಾಡಬೇಕು.